ಎರಡು ಸುತ್ತು ಕಡಿಮೆ

ಟಕ್ಕೆಂದು ಅಂಟಿಕೊಂಡಿತು.

ಎಸ್‌ಐ ಶೇಷಪ್ಪ ಅಯಸ್ಕಾಂತವನ್ನು ಮೇಲೆತ್ತಿ ಹಿಡಿದರು. ಅದರ ತುದಿಯಲ್ಲಿ ಕಿರುಬೆರಳಿನಷ್ಟು ಉದ್ದದ ಒಂದು ಸ್ಪ್ರಿಂಗು ಗಾಳಕ್ಕೆ ಸಿಕ್ಕಿದ ಮೀನಿನ ಹಾಗೆ ನೇತಾಡುತ್ತಿತ್ತು.

“ನೋಡಿದ್ರಲ್ಲ ಮೇಡಂ? ಅಸಲಿ ಸ್ಟೀಲಿಗೆ ಮ್ಯಾಗ್ನೆಟ್ ಹಿಡಿಯುವುದಿಲ್ಲ. ಸ್ಟೈನ್‌ಲೆಸ್ ಅಂತ ಹೇಳಿ ಇವರು ಕಬ್ಬಿಣ ಹಾಕಿ ಕೊಟ್ಟಿದ್ದಾರೆ. ಸ್ಪ್ರಿಂಗ್ ಕೆಟ್ಟಿತು, ವಾಲ್ವ್ ಮುಚ್ಚಲಿಲ್ಲ, ಹುಕ್ರಪ್ಪ ಬೆಂದ. ಇದರಲ್ಲಿ ತನಿಖೆ ಮಾಡ್ಲಿಕ್ಕೆ ಇನ್ನು ಎಂತ ಉಂಟು?”

ತೋಡಾರಿನ ಗೇರುಬೀಜ ಕಾರ್ಖಾನೆಯಲ್ಲಿ ಬಾಯ್ಲರಿನ ಕುದಿನೀರು ಹಿಂದಕ್ಕೆ ನುಗ್ಗಿ ಹುಕ್ರಪ್ಪನ ಮೈ ಬೇಯಿಸಿ ಇವತ್ತಿಗೆ ನಾಲ್ಕನೆಯ ದಿನ. ಅವನಿನ್ನೂ ಮಂಗಳೂರಿನ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಿರಲಿಲ್ಲ.

ವಿಮಾ ಸರ್ವೇಯರ್ ಸಬೀಹಾಳ ಕಣ್ಣು ಮೂಡಬಿದ್ರಿ ಠಾಣೆಯ ಗೋಡೆಬದಿಯ ಬೆಂಚಿನ ಮೇಲಿತ್ತು. ಅಲ್ಲಿ ಮೊಣಕಾಲುಗಳ ಮೇಲೆ ಕೈಯಿಟ್ಟು, ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು ಉದಯಶಂಕರ. ವಯಸ್ಸು ಅರವತ್ತನಾಲ್ಕು. ಹದಿನೆಂಟು ವರ್ಷಗಳ ಹಿಂದೆ ಪಾಲಿಟೆಕ್ನಿಕ್ಕಿನಲ್ಲಿ ಅವಳಿಗೆ ಯಂತ್ರವಿನ್ಯಾಸ ಕಲಿಸಿದ ಮೇಷ್ಟ್ರು. ನಿವೃತ್ತಿಯಾದ ಮೇಲೆ ವಿಟ್ಲದಲ್ಲಿ ಒಂದು ಲೇತ್ ಇಟ್ಟುಕೊಂಡು ವಾಲ್ವ್ ತಯಾರಿಸುತ್ತಿದ್ದರು. ತೋಡಾರಿನ ವಾಲ್ವ್ ಅವರ ಕೈಯಿಂದಲೇ ಹೋದದ್ದು.

“ಈ ಮ್ಯಾಗ್ನೆಟ್ ಪರೀಕ್ಷೆ ಯಾರ ಸಲಹೆ ಸರ್?” ಎಂದು ಸಬೀಹಾ ಎಸ್‌ಐಯನ್ನು ಕೇಳಿದಳು.

“ಕಾರ್ಖಾನೆಯ ಸೂಪರ್‌ವೈಸರ್ ರಾಮಪ್ರಸಾದ್. ಅವರೇ ತಂದು ತೋರಿಸಿದ್ದು. ಸಂಜೆಯೊಳಗೆ ಇವರ ಅರೆಸ್ಟ್ ಆಗ್ತದೆ.”

ಸಬೀಹಾ ಮೇಜಿನ ಮೂಲೆಯಲ್ಲಿದ್ದ ಎಸ್‌ಐಯವರ ಊಟದ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

“ಇದು ಸ್ಟೀಲಾ, ಕಬ್ಬಿಣವಾ?”

“ಒಳ್ಳೆ ಸ್ಟೀಲು ಮೇಡಂ. ನನ್ನ ಹೆಂಡತಿ ಕಳಪೆ ತರುವವಳಲ್ಲ.”

ಅವಳು ಅಯಸ್ಕಾಂತವನ್ನು ಮುಚ್ಚಳದ ನಡುವೆ ಇಟ್ಟು ಡಬ್ಬಿಯನ್ನು ವಾಲಿಸಿದಳು. ಅದು ಜಾರಿ ಮೇಜಿಗೆ ಬಿತ್ತು. ಆಮೇಲೆ ಡಬ್ಬಿಯ ಬುಡದಲ್ಲಿ, ಅಚ್ಚಿಗೆ ಹಾಕಿ ಒತ್ತಿ ಬಗ್ಗಿಸಿದ ಮೂಲೆಗೆ ತಾಗಿಸಿದಳು. ಹಿಡಿಯಿತು. ಬಲವಾಗಿ ಅಲ್ಲ, ಆದರೆ ಬೀಳಲಿಲ್ಲ.

ಶೇಷಪ್ಪ ಕುರ್ಚಿಯಿಂದ ಸ್ವಲ್ಪ ಮುಂದಕ್ಕೆ ಸರಿದರು.

“ಒಂದೇ ಡಬ್ಬಿ, ಒಂದೇ ಸ್ಟೀಲು,” ಎಂದಳು ಸಬೀಹಾ. “ಒತ್ತಿ ಬಗ್ಗಿಸಿದ ಕಡೆ ಅದರ ಗುಣ ಬದಲಾಗ್ತದೆ. ಸ್ಪ್ರಿಂಗಿನ ಸರಿಗೆಯನ್ನಂತೂ ಎಳೆದು ಎಳೆದು ಸಪೂರ ಮಾಡಿರ್ತಾರೆ. ಇದಕ್ಕೆ ಮ್ಯಾಗ್ನೆಟ್ ಹಿಡಿಯದಿದ್ರೆ ನನಗೆ ಅನುಮಾನ ಬರ್ತಿತ್ತು. ಇದು ಕಬ್ಬಿಣ ಅಲ್ಲ ಸರ್.”

ಬೆಂಚಿನ ಮೇಲೆ ಉದಯಶಂಕರ ಕಣ್ಣು ಮುಚ್ಚಿ ತೆರೆದರು. ಅಷ್ಟೇ.

ಸಬೀಹಾ ಚೀಲದಿಂದ ಭೂತಗನ್ನಡಿ ತೆಗೆದಳು. ಮೇಜಿನ ಮೇಲೆ ಬಿಚ್ಚಿಟ್ಟ ವಾಲ್ವಿನ ಮುಚ್ಚಳದಲ್ಲಿ ಪೈಪ್‌ರೆಂಚಿನ ಹಲ್ಲು ಕೂತ ಹೊಸ ಗುರುತಿತ್ತು. ಆಮೇಲೆ ಸ್ಪ್ರಿಂಗನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಒಂದು ತುದಿ ಕನ್ನಡಿಯಂತೆ ಸಪಾಟಾಗಿ ಉಜ್ಜಿದ್ದು. ಇನ್ನೊಂದು ತುದಿ ಹಾಗಿರಲಿಲ್ಲ. ಅಲ್ಲಿ ಸರಿಗೆ ಓರೆಯಾಗಿ ತುಂಡಾಗಿತ್ತು. ಅಂಚಿನಲ್ಲಿ ಮುಳ್ಳಿನಂಥ ಚೂರು, ಅದರ ಪಕ್ಕದಲ್ಲಿ ನವಿಲುಗರಿಯ ನೀಲಿ ಛಾಯೆ.

ನೀಲಿ ಅಂದರೆ ಬಿಸಿ. ಬಿಸಿ ಅಂದರೆ ಗ್ರೈಂಡರಿನ ಕಟಿಂಗ್ ವೀಲ್.

ಅವಳು ಗುಂಡುಸೂಜಿಯ ಮೊನೆಯಿಂದ ಒಂದೊಂದೇ ಸುತ್ತು ಎಣಿಸಿದಳು. “ಎಂಟು.”

“ಹತ್ತು,” ಎಂದಿತು ಬೆಂಚಿನ ಕಡೆಯಿಂದ ಒಂದು ಸ್ವರ. ಬೆಳಗ್ಗಿನಿಂದ ಉದಯಶಂಕರ ಆಡಿದ ಮೊದಲ ಮಾತು. “ನಾನು ಹಾಕಿದ್ದು ಹತ್ತು ಸುತ್ತಿನದ್ದು ಸಬೀಹಾ. ಎರಡೂ ತುದಿ ಉಜ್ಜಿದ್ದು.”

ಶೇಷಪ್ಪ ಒಮ್ಮೆ ಅವಳನ್ನು, ಒಮ್ಮೆ ಮೇಷ್ಟ್ರನ್ನು ನೋಡಿದರು. “ನನಗೆ ಅರ್ಥ ಆಗುವ ಹಾಗೆ ಹೇಳಿ ಮಾರಾಯ್ರೆ.”

“ನಿಮ್ಮ ಮನೆಯ ಬಾವಿ ಪಂಪಿಗೆ ಫುಟ್‌ವಾಲ್ವ್ ಉಂಟಲ್ಲ?” ಎಂದಳು ಸಬೀಹಾ.

“ಉಂಟು. ನೀರು ಮೇಲೆ ಬರ್ತದೆ, ವಾಪಸು ಇಳಿಯುವುದಿಲ್ಲ.”

“ಇದೂ ಅದೇ ಜಾತಿ. ಒಳಗೆ ಒಂದು ಬಿಲ್ಲೆ, ಬಿಲ್ಲೆಯ ಹಿಂದೆ ಈ ಸ್ಪ್ರಿಂಗ್. ಪಂಪು ನೀರನ್ನು ನೂಕಿದಾಗ ಬಿಲ್ಲೆ ಹಿಂದೆ ಸರಿದು ದಾರಿ ಬಿಡ್ತದೆ, ನೀರು ಬಾಯ್ಲರಿಗೆ ಹೋಗ್ತದೆ. ಪಂಪು ನಿಂತ ಕೂಡ್ಲೇ ಸ್ಪ್ರಿಂಗ್ ಬಿಲ್ಲೆಯನ್ನು ತಳ್ಳಿ ಬಾಗಿಲು ಹಾಕ್ತದೆ. ಬಾಯ್ಲರಿನ ಕುದಿನೀರು ವಾಪಸು ಬರ್ಲಿಕ್ಕಿಲ್ಲ.”

“ಹಾಗಾದ್ರೆ ಯಾರೋ ಸ್ಪ್ರಿಂಗ್ ಕತ್ತರಿಸಿ ಮೆದು ಮಾಡಿದ್ದಾರೆ. ಮೆದುವಾದದ್ದಕ್ಕೆ ಮುಚ್ಚಲಿಲ್ಲ.”

“ಎಲ್ಲರೂ ಹಾಗೇ ಎಣಿಸುವುದು,” ಎಂದರು ಉದಯಶಂಕರ. ಅವರು ಎದ್ದು ನಿಂತಿದ್ದರು. ಸ್ವರದಲ್ಲಿ ಹಳೆಯ ತರಗತಿಯ ಗತ್ತು ತಾನಾಗಿ ಬಂದಿತ್ತು. “ಕತ್ತರಿಸಿದ್ರೆ ಸ್ಪ್ರಿಂಗ್ ಮೆದು ಆಗುವುದಿಲ್ಲ ಸಾರ್. ಗಿಡ್ಡ ಆಗ್ತದೆ, ಇನ್ನೂ ಗಟ್ಟಿ ಆಗ್ತದೆ. ಅಪಾಯ ಅದರಲ್ಲಿಲ್ಲ, ತುದಿಯಲ್ಲಿ ಉಂಟು. ಉಜ್ಜದ ತುದಿ ಬಿಲ್ಲೆಯನ್ನು ನೇರ ತಳ್ಳುವುದಿಲ್ಲ, ಒಂದು ಬದಿಗೆ ತಳ್ತದೆ. ನಿಮ್ಮ ಮೇಜಿನ ಖಾನೆಯನ್ನು ಒಂದೇ ಬದಿಯಿಂದ ಎಳೆದು ನೋಡಿ.”

ಶೇಷಪ್ಪ ಎಳೆದರು. ಖಾನೆ ಓರೆಯಾಗಿ ಅರ್ಧಕ್ಕೇ ಸಿಕ್ಕಿಕೊಂಡಿತು.

“ಹಾಗೆ. ಬಿಲ್ಲೆ ತೆರೆದಲ್ಲೇ ಸಿಕ್ಕಿಕೊಳ್ತದೆ.”

ಎಸ್‌ಐ ಖಾನೆಯನ್ನು ಗುದ್ದಿ ಒಳಗೆ ತಳ್ಳಿದರು.

“ಸಂಜೆವರೆಗೆ ಸಮಯ ಕೊಡ್ತೇನೆ ಮೇಡಂ. ಇವರನ್ನು ಕರಕೊಂಡು ಹೋಗಿ. ಆದರೆ ಇವರು ಎಲ್ಲಿಗಾದ್ರೂ ತಪ್ಪಿಸಿಕೊಂಡ್ರೆ ಕೇಳುವುದು ನಿಮ್ಮನ್ನು.”

“ನನ್ನ ಜವಾಬ್ದಾರಿ,” ಎಂದಳು ಸಬೀಹಾ. ಹೇಳುವಾಗ ಅವಳು ಒಂದು ಕ್ಷಣವೂ ಯೋಚಿಸಲಿಲ್ಲ.

*

ತೋಡಾರಿನ ಕಾರ್ಖಾನೆಯ ಹಿಂಭಾಗದಲ್ಲಿ, ತಗಡಿನ ಮಾಡಿನ ಕೆಳಗೆ ಪಂಪಿನ ಕೋಣೆ. ಬಾಗಿಲಿಗೆ ಬೀಗವಿರಲಿಲ್ಲ, ಬರೀ ಚಿಲಕ. ಬೇಲಿಯ ಆಚೆ ರಬ್ಬರ್ ತೋಟದ ಕಾಲುದಾರಿ. ಯಾರು ಬೇಕಾದರೂ ಬರಬಹುದಿತ್ತು, ಯಾರು ಬೇಕಾದರೂ ಹೋಗಬಹುದಿತ್ತು.

ನೆಲದ ಮೇಲೆ ಕುದಿನೀರು ಚೆಲ್ಲಿದ ಗುರುತು ಬಿಳಿಚಿಕೊಂಡು ಒಣಗಿತ್ತು. ಒಂದು ರಬ್ಬರ್ ಚಪ್ಪಲಿ ಮೂಲೆಯಲ್ಲಿ ಹಾಗೇ ಬಿದ್ದಿತ್ತು. ಸಬೀಹಾ ಅದರ ಕಡೆ ಎರಡನೇ ಸಲ ನೋಡಲಿಲ್ಲ.

ಪೈಪಿನ ದಾರಿಯನ್ನು ಅವಳು ಬೆರಳಲ್ಲೇ ಹಿಂಬಾಲಿಸಿದಳು. ನೀರಿನ ಟ್ಯಾಂಕಿ, ಕಸ ತಡೆಯುವ ಜಾಲರಿಯ ಸ್ಟ್ರೈನರ್, ಪಂಪು, ಠಾಣೆಗೆ ಬಿಚ್ಚಿ ಒಯ್ದ ಆ ಚೆಕ್ ವಾಲ್ವ್ ಇದ್ದ ಖಾಲಿ ಜಾಗ, ಕೊನೆಗೆ ಬಾಯ್ಲರಿನ ಬಾಯಲ್ಲಿ ಒಂದು ಕೈವಾಲ್ವ್. ಅವಳು ಕೈವಾಲ್ವಿನ ಚಕ್ರ ಹಿಡಿದು ತಿರುಗಿಸಿದಳು. ಅಲುಗಲಿಲ್ಲ. ಎರಡೂ ಕೈ ಹಾಕಿದಳು. ತುಕ್ಕು ಉದುರಿತೇ ಹೊರತು ಚಕ್ರ ಅಲುಗಲಿಲ್ಲ.

ಹುಕ್ರಪ್ಪ ದಿನಾ ಬೆಳಿಗ್ಗೆ ಏಳೂವರೆಗೆ ಪಂಪು ನಿಲ್ಲಿಸಿ, ಟ್ಯಾಂಕಿಯ ಬಾಯಿ ಮುಚ್ಚಿ, ಸ್ಟ್ರೈನರಿನ ಮುಚ್ಚಳ ಬಿಚ್ಚಿ ಜಾಲರಿ ತೊಳೆಯುತ್ತಿದ್ದ. ಕೈವಾಲ್ವ್ ಸತ್ತೇ ಎರಡು ವರ್ಷವಾಗಿತ್ತಂತೆ. ಅಂದರೆ ಅವನಿಗೂ ಬಾಯ್ಲರಿನ ಕುದಿನೀರಿಗೂ ನಡುವೆ ಇದ್ದದ್ದು ಆ ಬಿಲ್ಲೆ ಒಂದೇ.

“ಪಂಪು ಬದಲಾಯಿಸಿದ್ದಾರೆ,” ಎಂದರು ಉದಯಶಂಕರ, ಬಾಗಿಲಲ್ಲೇ ನಿಂತು. “ನಾನು ವಾಲ್ವ್ ಮಾಡಿ ಕೊಟ್ಟದ್ದು ದೊಡ್ಡ ಪಂಪಿಗೆ. ಇದು ಚಿಕ್ಕದ್ದು.”

“ಅದರಿಂದ ಎಂತ ಆಗ್ತದೆ ಸರ್?”

“ಪೈಪು ನೋಡಿ ವಾಲ್ವ್ ಇಡುವುದಲ್ಲ, ನೀರು ನೋಡಿ ಇಡಬೇಕು ಅಂತ ನಿಮಗೆಲ್ಲ ಬೋರ್ಡಿನಲ್ಲಿ ಬರೆಸಿದ್ದೆ. ನೀರು ಕಡಿಮೆ ಆದ್ರೆ ಬಿಲ್ಲೆ ಪೂರ್ತಿ ತೆರೆಯುವುದಿಲ್ಲ. ತೆರೆಯುವುದು, ಮುಚ್ಚುವುದು, ತೆರೆಯುವುದು, ಮುಚ್ಚುವುದು. ಕುಣೀತಾ ಇರ್ತದೆ.”

“ಸದ್ದು ಬರ್ತದಾ?”

“ತಲೆ ಹಾಳಾಗುವಷ್ಟು.”

ಗೋಡೆಯ ಆಚೆ ಬದಿಯಲ್ಲಿ ಹೆಂಗಸರು ಗೇರುಬೀಜದ ತಿರುಳು ವಿಂಗಡಿಸುತ್ತಿದ್ದರು. ಗೋಡೆಗೆ ಒರಗಿ ಕೂತಿದ್ದವಳು ಮಾಜಿದಾ, ಐವತ್ತು ದಾಟಿದ ಹೆಂಗಸು, ಹನ್ನೆರಡು ವರ್ಷದಿಂದ ಅದೇ ಜಾಗ. ಸಬೀಹಾ ಅವಳ ಎದುರು ಕುಕ್ಕರುಗಾಲಲ್ಲಿ ಕೂತು ಬ್ಯಾರಿ ಭಾಷೆಯಲ್ಲಿ ಮಾತು ತೆಗೆದಳು.

“ಮಾಜಿದಾಕ್ಕ, ಈ ಗೋಡೆಯಿಂದ ಏನಾದ್ರೂ ಸದ್ದು ಕೇಳ್ತಿತ್ತಾ?”

“ಕೇಳ್ತಿತ್ತಾ ಅಂತ ಕೇಳ್ತೀಯಾ ಮಗಳೇ? ಒಂದು ತಿಂಗಳು ಟಕಟಕ, ಟಕಟಕ. ಮನೆಗೆ ಹೋದ್ರೂ ಕಿವಿಯಲ್ಲಿ ಅದೇ. ಶನಿವಾರ ಸಂಜೆ ಅಸರ್ ಬಾಂಗಿನ ಹೊತ್ತಿಗೆ ನಿಂತಿತು. ಅಲ್ಹಮ್ದುಲಿಲ್ಲಾ ಅಂದೆವು ಎಲ್ಲರೂ.”

“ಯಾರು ರಿಪೇರಿಗೆ ಬಂದಿದ್ರು?”

“ಹೊರಗಿನವರು ಯಾರೂ ಇಲ್ಲ.” ಮಾಜಿದಾ ಕೈಯ ತಿರುಳನ್ನು ಬುಟ್ಟಿಗೆ ಹಾಕಿ ಸ್ವರ ತಗ್ಗಿಸಿದಳು. “ಹೊರಗೆ ನೀರಿಗೆ ಎದ್ದಾಗ ರಾಮಪ್ರಸಾದಣ್ಣ ಗ್ರೈಂಡರ್ ತೆಕ್ಕೊಂಡು ಆ ಕೋಣೆಗೆ ಹೋದದ್ದು ಕಂಡೆ. ಕಿಡಿ ಹಾರಿದ್ದೂ ಕಂಡೆ. ನಾನು ಹೇಳಿದೆ ಅಂತ ಹೇಳ್ಬೇಡ. ಅವರು ಕೆಟ್ಟವರಲ್ಲ.”

“ಈಗ ಎಲ್ಲಿದ್ದಾರೆ?”

“ನಿನ್ನೆ ಠಾಣೆಗೆ ಹೋಗಿ ಬಂದವರು ಕಾರ್ಖಾನೆಗೆ ಕಾಲಿಡಲಿಲ್ಲ. ಬೆಳ್ತಂಗಡಿಯಲ್ಲಿ ಮನೆ. ಜ್ವರ ಅಂತೆ.”

*

ವೇಣೂರು ದಾಟಿ ಬೆಳ್ತಂಗಡಿ ಮುಟ್ಟುವವರೆಗೂ ಸಬೀಹಾಳ ಮನಸ್ಸು ಹಗುರಾಗಿತ್ತು. ಕತ್ತರಿಸಿದವನು ಸಿಕ್ಕಿದ್ದ. ಅಯಸ್ಕಾಂತ ತಂದು ತೋರಿಸಿದವನೂ ಅವನೇ. ಇನ್ನು ಬಾಯಿ ಬಿಡಿಸುವುದಷ್ಟೇ ಬಾಕಿ.

ಬಸ್‌ಸ್ಟ್ಯಾಂಡಿನಿಂದ ಎರಡು ತಿರುವು ಆಚೆ ರಾಮಪ್ರಸಾದನ ಮನೆ. ಅವಳು ಗೇಟಿನ ಬಳಿ ಕಾರು ನಿಲ್ಲಿಸಿದಳು.

“ನಾನು ಇಲ್ಲೇ ಕೂತಿರ್ತೇನೆ,” ಎಂದರು ಉದಯಶಂಕರ. “ನನ್ನನ್ನು ಕಂಡ್ರೆ ಅವನಿಗೆ ಸಿಟ್ಟು ಬಂದೀತು. ಮಾತು ಹೊರಡ್ಲಿಕ್ಕಿಲ್ಲ.”

ಅದೂ ಸರಿಯೆನ್ನಿಸಿತು.

ರಾಮಪ್ರಸಾದ ಚಾವಡಿಯ ಕುರ್ಚಿಯಲ್ಲಿ ಕೂತಿದ್ದ. ನಲವತ್ತೈದರ ಆಳು, ಮೂರು ದಿನದ ಗಡ್ಡ. ಅವಳ ಕೈಯಲ್ಲಿದ್ದ ಫೈಲು ಕಂಡು ಎದ್ದು ನಿಂತ. ಕೂತುಕೊಳ್ಳಿ ಎನ್ನಲೂ ಮರೆತ.

“ಇನ್ಶೂರೆನ್ಸಿನವರಾ? ನಾನು ಹೇಳುವುದನ್ನೆಲ್ಲ ಠಾಣೆಯಲ್ಲಿ ಹೇಳಿ ಆಗಿದೆ.”

“ಎಲ್ಲ ಹೇಳಿಲ್ಲ. ಗ್ರೈಂಡರ್ ವಿಷಯ ಹೇಳಿಲ್ಲ.”

“ಎಂತ ಗ್ರೈಂಡರ್?”

“ಶನಿವಾರ ಸಂಜೆಯ ಗ್ರೈಂಡರ್. ವಾಲ್ವಿನ ಮುಚ್ಚಳದಲ್ಲಿ ಪೈಪ್‌ರೆಂಚಿನ ಹಲ್ಲು ಕೂತ ಹೊಸ ಗುರುತು ಉಂಟು. ಸ್ಪ್ರಿಂಗಿನ ತುದಿಯಲ್ಲಿ ನೀಲಿ ಬಣ್ಣ ಉಂಟು. ತಿಂಗಳಿಂದ ಬರ್ತಿದ್ದ ಸದ್ದು ಶನಿವಾರ ನಿಂತಿದೆ. ಸೋಮವಾರ ಒಬ್ಬ ಮನುಷ್ಯ ಬೆಂದಿದ್ದಾನೆ. ಬುಧವಾರ ನೀವು ಮ್ಯಾಗ್ನೆಟ್ ಹಿಡಕೊಂಡು ಠಾಣೆಗೆ ಹೋಗಿ ಬೇರೆಯವರನ್ನು ತೋರಿಸಿದ್ದೀರಿ. ಯಾಕೆ?”

“ಆ ಸ್ಪ್ರಿಂಗ್ ಕಳಪೆ...”

“ಕಳಪೆ ಅಲ್ಲ ಅಂತ ಎಸ್‌ಐಗೆ ಗೊತ್ತಾಗಿದೆ. ನಾನು ಇನ್ಶೂರೆನ್ಸಿನವಳು ಮಾತ್ರ. ಇನ್ನು ಒಂದು ಗಂಟೆಯಲ್ಲಿ ಪೊಲೀಸರೇ ಬರ್ತಾರೆ. ಅವರಿಗೆ ಹೇಳುವುದನ್ನು ನನಗೆ ಮೊದಲು ಹೇಳಿ.”

ರಾಮಪ್ರಸಾದ ಕುರ್ಚಿಯ ಕೈ ಹಿಡಿದುಕೊಂಡು ಮೆಲ್ಲನೆ ಕೂತ. ಹಾಗೆ ಕೂತವನು ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡ. ಹೆಗಲು ಅಲುಗತೊಡಗಿತು.

“ಕೊಲ್ಲಲಿಕ್ಕೆ ಅಲ್ಲ ಅಕ್ಕ. ದೇವರಾಣೆ ಅಲ್ಲ. ಹುಕ್ರಪ್ಪ ನನಗೆ ಅಣ್ಣನ ಹಾಗೆ. ಹಳೇ ಪಂಪು ಸುಟ್ಟಿತು, ಚಿಕ್ಕದ್ದು ಕೂರಿಸಿದ್ದು ನಾನೇ. ಧಣಿ ಮಂಗಳವಾರ ದುಬೈಯಿಂದ ಬರುವವರಿದ್ರು. ಆ ಸದ್ದು ಕೇಳಿದ್ರೆ ಎಂತ ಹೇಳುವುದು? ಸ್ಪ್ರಿಂಗ್ ಒಂಚೂರು ಕತ್ತರಿಸಿದ್ರೆ ಮೆದು ಆಗ್ತದೆ, ಸದ್ದು ನಿಲ್ತದೆ ಅಂತ ಎಣಿಸಿದೆ. ನಿಂತಿತು ಕೂಡ.”

“ಹುಕ್ರಪ್ಪನಿಗೆ ಹೇಳಿದ್ರಾ?”

“ಹೇಳಲಿಲ್ಲ. ಅದೇ ನನ್ನನ್ನು ತಿನ್ನುವುದು.”

ಒಳಗೆಲ್ಲೋ ಮಿಕ್ಸಿಯ ಸದ್ದು ಶುರುವಾಗಿ ನಿಂತಿತು. ಈ ಮನುಷ್ಯ ಸುಳ್ಳು ಹೇಳುತ್ತಿಲ್ಲ ಎಂದು ಅವಳಿಗೆ ಅನ್ನಿಸಿತು. ಆದರೂ ಲೆಕ್ಕ ಮುಗಿಸಲು ಕೇಳಿದಳು.

“ಎರಡು ಸುತ್ತು ಒಟ್ಟಿಗೇ ತೆಗೆದ್ರಾ? ಒಂದೊಂದಾಗಿ ತೆಗೆದ್ರಾ?”

ಅವನು ಮುಖದಿಂದ ಕೈ ತೆಗೆದ.

“ಎರಡಾ?”

“ಹತ್ತು ಇದ್ದದ್ದು ಎಂಟಾಗಿದೆ.”

“ಒಂದು ಅಕ್ಕ. ನಾನು ತೆಗೆದದ್ದು ಒಂದೇ ಒಂದು ಸುತ್ತು.”

ಅವನು ಎದ್ದು ಒಳಗೆ ಓಡಿದ. ವಾಪಸು ಬಂದಾಗ ಅವನ ಅಂಗೈಯಲ್ಲಿ ಉಂಗುರದಂಥ ಸರಿಗೆಯ ಒಂದು ತುಂಡು ಇತ್ತು. ಒಂದೇ ಸುತ್ತು. ಅದರ ಒಂದು ಮುಖ ಸಪಾಟು, ಮೇಷ್ಟ್ರ ಕೈಕೆಲಸ.

“ಶರ್ಟಿನ ಜೇಬಿನಲ್ಲಿ ಉಳಿದಿತ್ತು. ಬಿಸಾಡ್ಲಿಕ್ಕೆ ಧೈರ್ಯ ಬರ್ಲಿಲ್ಲ. ಕತ್ತರಿಸಿದ ಮೇಲೆ ತುದಿಯನ್ನು ಕಲ್ಲಿಗೆ ಹಿಡಿದು ಸಪಾಟು ಮಾಡಿದ್ದೇನೆ. ನಾನು ವರ್ಕ್‌ಶಾಪಿನಲ್ಲಿ ಇದ್ದವನು, ಅಷ್ಟು ಗೊತ್ತುಂಟು. ಕೂರಿಸಿ, ಬಾಯ್ಲರ್ ಪುನಃ ಉರಿಸಿ ಪಂಪು ಬಿಟ್ಟೆ, ನಿಲ್ಲಿಸಿದೆ. ಸ್ಟ್ರೈನರ್ ಬಿಚ್ಚಿ ನೋಡಿದೆ. ಬಾಯ್ಲರಿನಲ್ಲಿ ಪೂರ್ತಿ ಒತ್ತಡ ಇತ್ತು. ಒಂದು ಹನಿ ವಾಪಸು ಬರ್ಲಿಲ್ಲ.”

ಠಾಣೆಯಲ್ಲಿದ್ದ ಸ್ಪ್ರಿಂಗಿನ ತುದಿ ಉಜ್ಜಿದ್ದಲ್ಲ. ಓರೆ. ಮುಳ್ಳು. ಶನಿವಾರ ಸಂಜೆಗೂ ಸೋಮವಾರ ಬೆಳಿಗ್ಗೆಗೂ ನಡುವೆ ಇನ್ನೊಬ್ಬರು ಆ ವಾಲ್ವ್ ಬಿಚ್ಚಿದ್ದರು. ಇನ್ನೊಂದು ಸುತ್ತು ತೆಗೆದಿದ್ದರು. ತುದಿಯನ್ನು ಉಜ್ಜದೆ ಬಿಟ್ಟಿದ್ದರು. ಅದು ಗೊತ್ತಿಲ್ಲದೆ ಬಿಟ್ಟದ್ದಲ್ಲ.

“ಹುಕ್ರಪ್ಪನ ಮೇಲೆ ಯಾರಿಗಾದ್ರೂ ದ್ವೇಷ ಉಂಟಾ?”

“ಹುಕ್ರಪ್ಪನ ಮೇಲೆ? ಅವನು ನಾಯಿಗೆ ಕೂಡ ಗದರುವವನಲ್ಲ.” ರಾಮಪ್ರಸಾದ ಮೂಗು ಒರೆಸಿಕೊಂಡ. “ಸೋಮವಾರ ಅವನು ಬರ್ಲಿಕ್ಕೂ ಇರ್ಲಿಲ್ಲ ಪಾಪ. ತಂಗಿಯ ಹೊಸ ಮನೆಯ ಒಕ್ಕಲು ಅಂತ ಆದಿತ್ಯವಾರ ಮಧ್ಯಾಹ್ನ ಫೋನಿನಲ್ಲಿ ರಜೆ ಕೇಳಿದ್ದ. ಹೋಗು ಮಾರಾಯ, ಸ್ಟ್ರೈನರ್ ನಾನೇ ತೊಳೀತೇನೆ ಅಂದೆ. ಅಲ್ಲಿ ಸೂತಕ ಬಂದು ಒಕ್ಕಲು ಮುಂದೆ ಹೋಯ್ತಂತೆ. ನನಗೆ ತಿಳಿಸದೆ ಡ್ಯೂಟಿಗೆ ಬಂದಿದ್ದ. ನಾನು ಕಾರ್ಖಾನೆಗೆ ಮುಟ್ಟುವಾಗ...”

ಸಬೀಹಾ ಅವನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ಹೊಳೆದದ್ದು ಅವನಿಗೂ ಈಗ ಹೊಳೆಯುತ್ತಿತ್ತು.

“ಆ ಹೊತ್ತಿಗೆ ಅದರ ಎದುರು ಕೂತಿರಬೇಕಾದವನು ನಾನು,” ಎಂದ.

“ನೀವೇ ಬಿಚ್ಚುವುದು ಅಂತ ಯಾರಿಗೆ ಗೊತ್ತಿತ್ತು?”

“ಹುಕ್ರಪ್ಪನಿಗೆ.”

“ಇನ್ಯಾರಿಗೆ? ಸರಿಯಾಗಿ ನೆನಪು ಮಾಡಿ. ಮನೆಯಲ್ಲಿ?”

“ಮನೆಯವರು ತವರಿಗೆ ಹೋಗಿದ್ರು. ಕಾರ್ಖಾನೆಗೆ ರಜೆ, ಅಲ್ಲಿ ಯಾರಿಗೂ ಹೇಳ್ಲಿಲ್ಲ.” ಅವನು ಫೋನು ತೆಗೆದು ಬೆರಳಾಡಿಸಿದ. ಬೆರಳು ಒಂದು ಕಡೆ ನಿಂತಿತು. “ಒಬ್ಬರಿಗೆ ಹೇಳಿದ್ದೇನೆ. ಆದಿತ್ಯವಾರ ನಾಲ್ಕು ಗಂಟೆಗೆ. ಮನಸ್ಸು ಕೇಳದೆ ಫೋನ್ ಮಾಡಿದ್ದೆ. ಒಂದು ಸುತ್ತು ಕತ್ತರಿಸಿದ್ದೇನೆ, ತೊಂದರೆ ಆದೀತಾ ಅಂತ ಕೇಳ್ಲಿಕ್ಕೆ. ಏನೂ ಆಗ್ಲಿಕ್ಕಿಲ್ಲ ಅಂದ್ರು. ಸರಿ, ನಾಳೆ ಹುಕ್ರಪ್ಪ ರಜೆ, ನಾನೇ ಸ್ಟ್ರೈನರ್ ಬಿಚ್ಚುವಾಗ ನೋಡ್ತೇನೆ ಅಂದೆ. ಅವರು ಕೇಳಿದ್ರು, ನೀವೇ ಬಿಚ್ಚುವುದಾ? ಖಂಡಿತನಾ? ಎರಡು ಸಲ ಕೇಳಿದ್ರು.”

ಅವನು ಫೋನನ್ನು ಅವಳ ಕಡೆ ತಿರುಗಿಸಿದ.

ಏಳು ನಿಮಿಷದ ಕರೆ. ಹೆಸರಿನ ಜಾಗದಲ್ಲಿ ಕನ್ನಡದಲ್ಲೇ ಬರೆದಿತ್ತು: ಉದಯಶಂಕರ ಮೇಷ್ಟ್ರು, ವಿಟ್ಲ.

ಸಬೀಹಾ ಆ ಅಕ್ಷರಗಳನ್ನು ಎರಡು ಸಲ ಓದಿದಳು. ಉಜ್ಜದ ತುದಿ ಬಿಲ್ಲೆಯನ್ನು ಒಂದು ಬದಿಗೆ ತಳ್ಳುತ್ತದೆ ಎಂದು ಈ ಮೂರು ತಾಲೂಕಿನಲ್ಲಿ ಎಷ್ಟು ಜನಕ್ಕೆ ಗೊತ್ತು?

“ನಿಮಗೂ ಅವರಿಗೂ ಏನಾದ್ರೂ ಉಂಟಾ?”

ರಾಮಪ್ರಸಾದ ಫೋನನ್ನು ಕಿಸೆಗೆ ಹಾಕಿದ. ಅಳು, ಗಾಬರಿ ಎಲ್ಲ ಒಮ್ಮೆಲೇ ನಿಂತು ಅವನ ಮುಖಕ್ಕೆ ಒಂದು ಮುಚ್ಚಳ ಬಿದ್ದ ಹಾಗಾಯಿತು.

“ಅದು ಹಳೇ ಕಥೆ. ಅದು ಮುಗಿದಿದೆ.”

“ಅವರಿಗೂ ಮುಗಿದಿದೆಯಾ?”

ಅವನು ಮುಖ ತಿರುಗಿಸಿ ಅಂಗಳದ ಕಡೆ ನೋಡಿದ.

“ಆ ತುಂಡನ್ನು ಕಾಗದದಲ್ಲಿ ಕಟ್ಟಿ ಇಡಿ,” ಎಂದಳು ಸಬೀಹಾ ಏಳುತ್ತಾ. “ಎಸ್‌ಐ ಬರುವವರೆಗೆ ಯಾರಿಗೂ ಬಾಗಿಲು ತೆಗೀಬೇಡಿ.”

*

ಚಾವಡಿಯಿಂದ ಗೇಟಿಗೆ ಇಪ್ಪತ್ತು ಹೆಜ್ಜೆ. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಕಾರಿನ ಗಾಜಿನೊಳಗೆ ಮೇಷ್ಟ್ರ ಬಿಳಿ ತಲೆ ಕಾಣುತ್ತಿತ್ತು. ಓಡಿಹೋಗಬೇಕೆಂದರೆ ಅವರಿಗೆ ಅರ್ಧ ಗಂಟೆ ಸಮಯವಿತ್ತು. ಅವರು ಹೋಗಿರಲಿಲ್ಲ. ಅದನ್ನು ಒಳ್ಳೆಯ ಲಕ್ಷಣ ಎಂದುಕೊಳ್ಳಬೇಕೋ ಬೇಡವೋ ಅವಳಿಗೆ ತಿಳಿಯಲಿಲ್ಲ.

ಅವಳು ಕೂತು ಕಾರು ಹೊರಡಿಸಿದಳು.

“ಒಪ್ಪಿಕೊಂಡನಾ?” ಎಂದು ಕೇಳಿದರು ಅವರು.

“ಒಂದು ಸುತ್ತು ಒಪ್ಪಿಕೊಂಡ್ರು ಸರ್.”

ಮೇಷ್ಟ್ರು ಕಿಟಕಿಯ ಹೊರಗೆ ನೋಡಿದರು. ಅಂಗಡಿಗಳ ಸಾಲು ಮುಗಿದು ರಸ್ತೆ ತೆರೆಯಿತು. ಗುರುವಾಯನಕೆರೆ ಹತ್ತಿರವಾಗುತ್ತಿತ್ತು. ಅಲ್ಲಿಂದ ವೇಣೂರಿನ ದಾರಿ, ಆಮೇಲೆ ಮೂಡಬಿದ್ರಿ ಠಾಣೆ. ಒಂದು ಗಂಟೆಯ ಹಾದಿ, ಕಾರಿನಲ್ಲಿ ಇಬ್ಬರೇ.

ಈಗ ಕೇಳದಿದ್ದರೆ ಎಂದೂ ಕೇಳಲಾಗದು ಎಂದು ಅವಳಿಗೆ ಗೊತ್ತಿತ್ತು. ಕಣ್ಣನ್ನು ರಸ್ತೆಯ ಮೇಲೇ ಇಟ್ಟು ಕೇಳಿದಳು.

“ಸರ್, ಆದಿತ್ಯವಾರ ರಾಮಪ್ರಸಾದ್ ನಿಮಗೆ ಫೋನ್ ಮಾಡಿದ್ರಾ?”

“ನನಗಾ? ಇಲ್ಲ. ಅವನ ಸ್ವರ ಕೇಳದೆ ಐದಾರು ತಿಂಗಳಾಯ್ತು.”

ತಡವರಿಕೆಯೇ ಇರಲಿಲ್ಲ. ಪಾಠ ಒಪ್ಪಿಸಿದಷ್ಟು ನೇರ. ಈ ಮನುಷ್ಯ ಸುಳ್ಳು ಹೇಳಿದ್ದನ್ನು ಅವಳು ಇಷ್ಟು ವರ್ಷದಲ್ಲಿ ಮೊದಲ ಸಲ ಕೇಳುತ್ತಿದ್ದಳು. ಇಲ್ಲ, ಇದು ಸುಳ್ಳು ಎಂದು ಮೊದಲ ಸಲ ಗೊತ್ತಾಗುತ್ತಿತ್ತು. ಎರಡರ ನಡುವಿನ ವ್ಯತ್ಯಾಸ ಅವಳ ಎದೆಯಲ್ಲಿ ಚುಚ್ಚಿತು.

ಫೋನು ಹೊಡೆದುಕೊಂಡಿತು. ಶೇಷಪ್ಪ. ಅವಳು ಸ್ಪೀಕರ್ ಒತ್ತಿದಳು. ಒತ್ತಿದ ಮೇಲೆ, ಒತ್ತಬಾರದಿತ್ತು ಅನ್ನಿಸಿತು.

“ಮೇಡಂ, ಆಸ್ಪತ್ರೆಯಿಂದ ಫೋನ್ ಬಂತು.” ಎಸ್‌ಐಯವರ ಸ್ವರ ಬೆಳಗಿನಂತಿರಲಿಲ್ಲ. “ಹುಕ್ರಪ್ಪ ತೀರಿಕೊಂಡ. ಹತ್ತು ನಿಮಿಷ ಆಯ್ತು. ಇನ್ನು ಇದು ಬೇರೆಯೇ ಕೇಸು.”

ಪಕ್ಕದಲ್ಲಿ ಒಂದು ಸದ್ದಾಯಿತು. ಯಾರೋ ಹೊಟ್ಟೆಗೆ ಗುದ್ದಿದಾಗ ಬರುವಂಥ ಸದ್ದು. ಅವಳು ತಿರುಗಿ ನೋಡಿದಳು. ಉದಯಶಂಕರ ಎರಡೂ ಕೈಯಲ್ಲಿ ಡ್ಯಾಶ್‌ಬೋರ್ಡ್ ಹಿಡಿದುಕೊಂಡಿದ್ದರು. ಅವರ ಕಣ್ಣಲ್ಲಿ ನೀರು ತುಂಬಿತ್ತು.

“ಹುಕ್ರಪ್ಪ...” ಎಂದರು. ಯಾರಿಗೂ ಹೇಳುವಂತಿರಲಿಲ್ಲ ಆ ಮಾತು. “ಅವನು ಸೋಮವಾರ ಬರ್ಲಿಕ್ಕೇ ಇರ್ಲಿಲ್ಲವಲ್ಲ.”

ತಾನು ಏನು ಹೇಳಿದೆ ಎಂಬುದು ಅವರಿಗೆ ತಿಳಿಯಲು ಒಂದು ಕ್ಷಣ ಹಿಡಿಯಿತು. ಅವಳು ಕೇಳಿಸಿಕೊಂಡಳು ಎಂಬುದು ತಿಳಿಯಲು ಇನ್ನೊಂದು ಕ್ಷಣ.

“ಹಲೋ? ಮೇಡಂ, ಅದು ಯಾರು ಮಾತಾಡಿದ್ದು?” ಎಂದಿತು ಫೋನು. “ನೀವು ಎಲ್ಲಿದ್ದೀರಿ?”

ಸಬೀಹಾಳ ಕಾಲು ಬ್ರೇಕಿನ ಕಡೆಗೆ ಹೋಯಿತು. ಅಷ್ಟರಲ್ಲಿ ಮೇಷ್ಟ್ರ ಕೈ ಚಾಚಿತು. ಅವಳ ಕಡೆಗಲ್ಲ, ಫೋನಿನ ಕಡೆಗೆ. ಒಂದು ಬೆರಳಿನಿಂದ ಅವರು ಕರೆಯನ್ನು ತುಂಡರಿಸಿದರು.

“ನಿಲ್ಲಿಸಬೇಡ ಸಬೀಹಾ.” ಅಳುತ್ತಿದ್ದ ಮುಖದಿಂದ ಬಂದ ಸ್ವರ ಮಾತ್ರ ಗಟ್ಟಿಯಾಗಿತ್ತು. “ಠಾಣೆಗೆ ನಾನೇ ಬರ್ತೇನೆ. ತಪ್ಪಿಸಿಕೊಳ್ಳುವುದಿಲ್ಲ. ಅದಕ್ಕೆ ಮೊದಲು ನಿನಗೆ ಒಬ್ಬರನ್ನು ತೋರಿಸ್ಲಿಕ್ಕುಂಟು.”

“ಯಾರನ್ನು?”

“ಯಾರು ಸತ್ತಿದ್ದಾರೆ ಅಂತ ರಾಮಪ್ರಸಾದ ಎಣಿಸಿದ್ದಾನೋ ಅವರನ್ನು. ಅವನ ಮೇಲೆ ನಾನು ಯಾಕೆ ಕೈ ಎತ್ತಿದೆ ಅಂತ ಅವರನ್ನು ಕಂಡ್ರೆ ನಿನಗೆ ಗೊತ್ತಾಗ್ತದೆ.” ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡರು. “ಕಾರು ತಿರುಗಿಸು. ಕೊಕ್ಕಡಕ್ಕೆ ಹೋಗುವ.”